ಇಲ್ಲ ಅಂತ ಬರೆದ ಮನೆ

ಹಗ್ಗ ಇನ್ನೊಂದು ಮೊಳ ಕೆಳಗಿಳೀತು.

ಕಂಕುಳಿಗೆ ಬಿಗಿದ ಹಗ್ಗ. ಕಾಲ ಕೆಳಗೆ ಕಪ್ಪು ನೀರು. ತಲೆ ಮೇಲೆ ತಟ್ಟೆಯಗಲದ ಆಕಾಶ... ಅದರ ಅಂಚಿನಲ್ಲಿ ಎರಡು ತಲೆ!

"ಏನ್ಲಾ ಮುಖ್ತಿಯಾರ್, ತಂಪಾಗೈತಾ?"

ಅಶ್ವತ್ಥಪ್ಪನ ದನಿ. ಯಲ್ದೂರು ಸುತ್ತಮುತ್ತ ಯಾವ ಮಾವಿನ ತೋಪು ನೋಡಿದ್ರೂ ಅವನದೇ. ಪಕ್ಕದಲ್ಲಿ ಹಗ್ಗ ಹಿಡಿದು ನಿಂತವನು ಅವನ ಬಂಟ ನರಸಿಂಹಪ್ಪ.

"ತಂಪಾಗಿದೆ ಗೌಡ್ರೇ. ನೀವೂ ಇಳೀರಿ!"

"ಸಾಬಿಗೆ ಬಾಯಿ ಇನ್ನೂ ಬತ್ತಿಲ್ಲ... ಬಿಡ್ಲಾ ಇನ್ನೊಂದು ಮೊಳ!"

ಬಿಟ್ಟ. ಹಗ್ಗ ಚರ್ಮ ಸುಲೀತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಗೋರಿಯ ತಂಪು.

"ಕೇಳ್ಲಾ. ಆ ಹೆಂಗಸಿಗೆ 'ಏನೂ ಸಿಗಲಿಲ್ಲ ಕಣಮ್ಮಾ' ಅಂತ ಹೇಳಿ ಕಳಿಸ್ತೀನಿ ಅಂತ ನಿನ್ನ ದೇವರ ಮೇಲೆ ಆಣೆ ಇಡು. ಮೇಲಕ್ಕೆ ಎಳೀತೀನಿ."

ಬುದ್ಧಿವಂತ ಸ್ವಾಮಿ ಅವನು! ಬೇರೆಯವನಾಗಿದ್ರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ತಿದ್ದ. ನಾನು ಐದು ಹೊತ್ತು ನಮಾಜು ಮಾಡೋನು. ಆಣೆ ಇಟ್ರೆ ತಪ್ಪೋನಲ್ಲ. ನನ್ನ ಕಟ್ಟಿಹಾಕೋಕೆ ಅದಕ್ಕಿಂತ ಗಟ್ಟಿ ಹಗ್ಗ ಇಲ್ಲ ಅಂತ ಅವನಿಗೆ ಗೊತ್ತಿತ್ತು.

"ಯೋಚನೆ ಮಾಡೋಕೆ ಟೈಮ್ ಕೊಡಿ ಗೌಡ್ರೇ!"

"ತಗೋ. ನಾನೇನು ಕಟುಕನಾ?"

ನಾನು ಯೋಚನೆ ಮಾಡೋ ಹೊತ್ತಿಗೆ ನಿಮಗೆ ಹಿಂದಿನದನ್ನ ಹೇಳಿಬಿಡ್ತೀನಿ.

ಪೊಲೀಸ್ ದಫೇದಾರಿ ಬಿಟ್ಟಮೇಲೆ ಕೋಲಾರದ ಗಡಿಯಾರ ಕಂಬದ ಹತ್ತಿರ ಒಂದು ರೂಮು ಹಿಡಿದಿದ್ದೆ. ಓಡಿಹೋದವರನ್ನ ಹುಡುಕಿಕೊಡೋದು ಕಸುಬು. ಬರ್ತಾ ಬರ್ತಾ ಸತ್ತವರನ್ನ ಹುಡುಕೋ ಕೇಸೂ ಬಂದವು. ತಾತ ಯಾರು, ಮುತ್ತಾತ ಯಾರು, ಜಮೀನು ಯಾರ ಹೆಸರಲ್ಲಿತ್ತು... ಸತ್ತವರು ಸುಲಭ, ಓಡಿಹೋಗೋದಿಲ್ಲ!

ಹಾಗಂತ ಅಂದುಕೊಂಡಿದ್ದೆ.

ನಲವತ್ತೊಂದನೇ ಇಸವಿ. ಶಿವರಾತ್ರಿ ಕಳೆದಿತ್ತು. ಶ್ಯಾಮಲಮ್ಮ ಬಂದಳು. ಮಾಲೂರಿನಲ್ಲಿ ಹೆಂಚಿಗೆ ಮಣ್ಣು ತುಳಿಯೋ ಹೆಂಗಸು. ಪಾದದ ಕೆಂಪು ನನ್ನ ರೂಮಿನ ನೆಲಕ್ಕೆಲ್ಲ ಹತ್ತಿತು.

"ಸಾಬಣ್ಣಾ, ನಮ್ಮ ತಾತ ಯಾರ ಮನೆಯೋನು ಅಂತ ಹುಡುಕಿಕೊಡಬೇಕು."

"ಹೆಸರು?"

"ಚನ್ನರಾಯಪ್ಪ. ನಂಗಲಿ ಕಡೆಯೋನಂತೆ. ಯಲ್ದೂರು ತೋಪಿನಾಗೆ ಅವನ ಸಮಾಧಿ ಐತೆ. ಪ್ಲೇಗಿನಾಗೆ ಹೋದ. ಆಮೇಲೆ ನಮ್ಮಜ್ಜಿ ಚಿಕ್ಕಗಂಗಮ್ಮನ್ನ ಮನೆಯಿಂದ ಆಚೆ ಹಾಕಿದ್ರು. ಅವಳು ಅಲ್ಲೇ ಬಾವಿಗೆ ಬಿದ್ಲು. ನಮ್ಮಮ್ಮ ಆಗ ಎಳೇ ಕೂಸು. ಯಾರೋ ಪುಣ್ಯಾತ್ಮರು ಮಾಲೂರಿಗೆ ಎತ್ಕೊಂಬಂದು ಸಾಕಿದ್ರು."

"ಇಷ್ಟು ವರ್ಷದ ಮೇಲೆ ಯಾಕೆ ತಾಯಿ?"

"ಅಶ್ವತ್ಥಪ್ಪ ತೋಪು ಕಡಿಸ್ತಾನೆ. ಯುದ್ಧಕ್ಕೆ ಮರ ಬೇಕಂತೆ. ಸಮಾಧೀನೂ ಅಗೀತಾನಂತೆ. ಬೇಡ ಅಂತ ಕಾಲಿಗೆ ಬಿದ್ದೆ. 'ನಿಮ್ಮ ತಾತ ನಮ್ಮಪ್ಪನ ಜೀತದಾಳು ಕಣೇ, ಜೀತದಾಳಿಗೆ ಸಮಾಧಿ ಬೇರೆ ಕೇಡು' ಅಂದ."

ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು...

"ಅಜ್ಜಿ ಕನಸಿನಾಗೆ ಬರ್ತಾಳೆ ಸಾಬಣ್ಣಾ. ಮೈಯೆಲ್ಲಾ ನೀರು ಸುರೀತಿರುತ್ತೆ. ಒಂದೇ ಮಾತು ಹೇಳ್ತಾಳೆ. ನಂಗೆ ಕೇಳಿಸೋದೇ ಇಲ್ಲ."

ಕೇಸ್ ತಗೊಂಡೆ.

ತಾಲ್ಲೂಕು ಕಚೇರಿಯಲ್ಲಿ ಹಳೇ ಲೆಕ್ಕಪತ್ರ ಕಟ್ಟಿಟ್ಟ ರುಮಾಲಿನ ಗಂಟು ಬಿಚ್ಚಿದೆ. ಖಾನೇಷುಮಾರಿ! ಈಗಿನವರು ಸೆನ್ಸಸ್ ಅಂತಾರೆ. ಖಾನಾ ಅಂದ್ರೆ ನಮ್ಮ ಮಾತಲ್ಲಿ ಮನೆ. ಖಾನೇಷುಮಾರಿ ಅಂದ್ರೆ ಮನೆ ಎಣಿಸೋ ಲೆಕ್ಕ. ಸಾವಿರದ ಒಂಬೈನೂರ ಒಂದನೇ ಇಸವಿಯ ಹಾಳೆಯಲ್ಲಿ ಆ ಮನೆ ಸಿಕ್ಕಿತು.

ಹೆಂಗಸು, ಚಿಕ್ಕಗಂಗಮ್ಮ. ತಂದೆ, ಗತಿಸಿದ್ದಾನೆ. ಮನೆಗೆ ಗಂಡುದಿಕ್ಕು... ಇಲ್ಲ.

ಅಷ್ಟೇ! ಕೆಳಗೆ ಎಣಿಸಿದ ಮೇಸ್ಟ್ರ ರುಜು. ಅವನ ಊರು ಶಿವಮೊಗ್ಗ ಸೀಮೆ.

ಜಮೀನಿನ ಖಾತೆ ತೆಗೆಸಿದೆ. ಆ 'ಇಲ್ಲ' ಅನ್ನೋ ಮಾತನ್ನೇ ಊರುಗೋಲು ಮಾಡಿಕೊಂಡು ಅಶ್ವತ್ಥಪ್ಪನ ಅಪ್ಪ ದಾಯಾದಿ ಅಂತ ಬಂದಿದ್ದ. 'ವಂಶ ನಿಂತಿದೆ' ಅಂತ ಬರೆಸಿ ತೋಪು, ಮನೆ, ಬಾವಿ ಎಲ್ಲ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ.

ಸಮಾಧಿ ಇರೋ ಮನುಷ್ಯ ಲೆಕ್ಕದಲ್ಲಿ ಇಲ್ಲ! ಯಲ್ದೂರಿಗೆ ಪ್ಲೇಗು ಬಂದದ್ದು ಅದರ ಮಾರನೇ ವರ್ಷ; ಎಣಿಸಿದಾಗ ಅವನಿನ್ನೂ ಬದುಕಿದ್ದ.

ನಂಗಲಿಗೆ ಹೋದೆ. ಚನ್ನರಾಯಪ್ಪನ ತಂಗಿ ಒಬ್ಬಳು ಇನ್ನೂ ಬದುಕಿದ್ದಳು. ಮುನಿಶಾಮಮ್ಮ. ಬೊಚ್ಚುಬಾಯಿ, ಅರ್ಧ ತೆಲುಗು, ಅರ್ಧ ಕನ್ನಡ.

"ಮಾ ಅನ್ನ ನಾಯನಾ ವಾಡು, ನಮ್ಮಣ್ಣ... ಕೊಟ್ಬಿಟ್ವಿ."

"ಕೊಟ್ರಾ? ಯಾರಿಗೆ?"

"ಆ ಇಂಟಿಕಿ."

"ಆ ಮನೆಗಾ? ಹೆಣ್ಣು ಕೊಡ್ತಾರೆ ತಾಯಿ, ಗಂಡು ಕೊಡ್ತಾರಾ ಎಲ್ಲಾದ್ರೂ?"

ಮುದುಕಿ ಹೊಟ್ಟೆ ಹಿಡ್ಕೊಂಡು ನಕ್ಕಳು. "ಸಾಬಯ್ಯಾ, ನಿನ್ ತಲೆ ಮ್ಯಾಲೆ ಟೋಪಿ ಐತೆ. ಕೆಳಗೆ ಏನೂ ಇಲ್ಲ!"

ಯಾಕೆ ನಕ್ಕಳು ಅಂತ ಯೋಚಿಸ್ತಾ ಹೊರಗೆ ಬಂದೆ. ಹುಣಿಸೇಮರದ ಹಿಂದಿನಿಂದ ಯಾರೋ ಹಾರಿದ. ತಲೆಗೆ ಪೆಟ್ಟು!

ಕಣ್ಣು ಬಿಟ್ಟಾಗ... ಚಿಕ್ಕಗಂಗಮ್ಮ ಬಿದ್ದ ಈ ಬಾವಿ.

"ಟೈಮ್ ಮುಗೀತು ಸಾಬೂ! ಆಣೆ ಇಡ್ತೀಯೋ ಇಲ್ವೋ?"

"ಸುಳ್ಳಿಗೆ ದೇವರನ್ನ ಸಾಕ್ಷಿ ಕರೆಯೋದಿಲ್ಲ ಗೌಡ್ರೇ!"

"ಹಂಗಾದ್ರೆ ಅವನ ಹತ್ರಾನೇ ಹೋಗು. ಬಿಡ್ಲಾ ನರಸಿಂಹಪ್ಪಾ!"

ಸೊಂಟದವರೆಗೆ ನೀರು ಬಂತು. ಗೋಡೆಗೆ ಕೈ ಕೊಟ್ಟೆ. ಆ ವರ್ಷ ಬಾವಿ ನೀರು ತುಂಬ ಇಳಿದಿತ್ತು. ಯಾವತ್ತೂ ನೀರಲ್ಲಿ ಮುಳುಗಿರೋ ಕಲ್ಲುಗಳು ಆಚೆ ಬಂದಿದ್ದವು. ಅಂಗೈಗೆ ಏನೋ ತಗಲಿತು. ಕೊರೆದ ಗೆರೆ... ಅಕ್ಷರ!

ಪಾಚಿ ಉಜ್ಜಿದೆ. ತೆಲುಗು ಅಕ್ಷರ. ಕನ್ನಡದ ಒಡಹುಟ್ಟು ತಾನೇ, ಓದೋಕೆ ಕಷ್ಟವಾಗಲಿಲ್ಲ.

'ಇಲ್ಲಟಂ ಅಲ್ಲುಡು ಚನ್ನರಾಯಪ್ಪ ತ್ರವ್ವಿಂಚಿನ ಬಾವಿ.'

ಚನ್ನರಾಯಪ್ಪ ತೋಡಿಸಿದ ಬಾವಿ! ಜೀತದಾಳು ಬಾವಿ ತೋಡಿಸಿ ಹೆಸರು ಕೆತ್ತಿಸ್ತಾನಾ? ಇಲ್ಲಟಂ ಅಲ್ಲುಡು... ತೆಲುಗಿನಲ್ಲಿ ಇಲ್ಲು ಅಂದ್ರೆ ಮನೆ. ಮನೆ ಅಳಿಯ! ಗಂಡುಮಕ್ಕಳಿಲ್ಲದ ಮನೆಗೆ ಮಗನಾಗಿ ಬರೋ ಅಳಿಯ. ಮಗನ ಹಕ್ಕೆಲ್ಲ ಅವನಿಗೆ. ಮುದುಕಿ ನಕ್ಕಿದ್ದು ಅದಕ್ಕೇ. ಕೊಟ್ಬಿಟ್ವಿ!

ನೀರಲ್ಲಿ ನೇತಾಡ್ತಾ ಇದ್ದಾಗಲೇ ಕಣ್ಣಿಗೆ ಕಟ್ಟಿತು. ಗಂಡ ತೋಪಿಗೆ ಹೋದ ಹೊತ್ತು, ಬಾಗಿಲಲ್ಲಿ ಮೇಸ್ಟ್ರು. "ಮನೆಗೆ ಗಂಡುದಿಕ್ಕು ಯಾರಮ್ಮಾ?" ಚಿಕ್ಕಗಂಗಮ್ಮ ನಾಚಿಕೊಂಡಿರ್ತಾಳೆ. ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರೋ ಹಾಗಿಲ್ಲ. ಹೆಸರು ಬಿಟ್ಟು "ಇಲ್ಲಟಂ" ಅಂದಿರ್ತಾಳೆ. ಮೇಸ್ಟ್ರಿಗೆ ತೆಲುಗು ಬಾರದು. ಅರ್ಧ ಕೇಳಿಸಿಕೊಂಡ. ಕನ್ನಡದಲ್ಲಿ ಬರೆದುಕೊಂಡ.

ಇಲ್ಲ!

ಮನೆ ಎಣಿಸೋಕೆ ಬಂದವನು ಒಂದು ಮನೆಯನ್ನೇ ಅಳಿಸಿ ಹೋದ. ಪಾಪ, ಅವನಿಗೆ ಗೊತ್ತೂ ಆಗಲಿಲ್ಲ.

ಆಗ ಕೇಳಿಸಿತು.

ನನ್ನ ಬೆನ್ನ ಹಿಂದೆ. ಕಿವಿಯ ಪಕ್ಕ. ಹೆಂಗಸಿನ ದನಿ.

"ಇಲ್ಲು..."

ಬಾವಿಯ ತುಂಬ ಹಸಿ ಅರಿಶಿನದ ವಾಸನೆ. ನಾನು ತಿರುಗಿ ನೋಡಲಿಲ್ಲ ಸ್ವಾಮಿ. ಸುಳ್ಳು ಯಾಕೆ ಹೇಳಲಿ! ಕಣ್ಣು ಮುಚ್ಚಿ, ಅಮ್ಮ ಕಲಿಸಿದ ಕುರಾನಿನ ಆಯತ್ ಹೇಳಿಕೊಂಡೆ. ಆಮೇಲೆ ಮೆಲ್ಲಗೆ ಅಂದೆ, "ಗೊತ್ತಾಯ್ತು ತಾಯಿ. ಈಗ ಗೊತ್ತಾಯ್ತು."

"ಇಲ್ಲು..."

ಮೇಲೆ ನರಸಿಂಹಪ್ಪ ಗಡಗಡ ನಡುಗಿದ. ಹಗ್ಗವೇ ಹೇಳ್ತು ಅದನ್ನ.

"ಯಜಮಾನ್ರೇ... ಅದು ಸಾಬಿ ದನಿ ಅಲ್ಲ!"

"ಹಗ್ಗ ಹಿಡ್ಕಳ್ಲಾ ಹೇಡಿ! ತೋಪಿನಾಗೆ ದೆವ್ವ ಐತೆ ಅಂತ ಊರಿಗೆಲ್ಲ ಹಬ್ಬಿಸಿದೋನೇ ನಾನು. ನಂಗೇ ದೆವ್ವ ತೋರಿಸ್ತೀಯಾ?"

"ಇಲ್ಲು..."

"ಅಯ್ಯೋ ದೇವುಡಾ!"

ಹಗ್ಗ ಕೈಬಿಟ್ಟ!

ಮುಳುಗಿದೆ. ಮೇಲಿಂದ ಒಂದು ದಿಂಡುಗಲ್ಲು ಬಂತು. ಪಕ್ಕಕ್ಕೆ ಸರಿದೆ. ಇನ್ನೊಂದು. ಕೆತ್ತಿದ ಕಲ್ಲಿನ ನೆರಳಿಗೆ ಅಂಟಿಕೊಂಡು ಮೂಗು ಮಾತ್ರ ಆಚೆ ಇಟ್ಟೆ. ಕಾದೆ. ಸದ್ದು ನಿಂತಿತು. ಗೋಡೆಯಿಂದ ಚಾಚಿದ್ದ ಕಲ್ಲುಗಳನ್ನ ಹಿಡಿದು ಹತ್ತಿದೆ. ಉಗುರು ಕಿತ್ತುಬಂತು.

ಅಂಚಿಗೆ ತಲೆ ಎತ್ತಿದೆ. ಎದುರಿಗೇ ನರಸಿಂಹಪ್ಪ!

ಪಾಚಿ ಮೆತ್ತಿದ ನನ್ನ ಮುಖ ನೋಡಿದ. ಬಾಯಿ ತೆರೆದ. ಹಾಗೇ ಹಿಂದಕ್ಕೆ ಬಿದ್ದ. ನಾನು ಬದುಕಿದ್ದೀನಿ ಅಂತ ಸಮಾಧಾನ ಹೇಳೋಕೆ ಪುರುಸೊತ್ತಿರಲಿಲ್ಲ.

ಢಂ!

ಅಶ್ವತ್ಥಪ್ಪನ ಬಂದೂಕು. ಮಾವಿನ ಹೂವು ನನ್ನ ತಲೆ ಮೇಲೆ ಉದುರಿತು. ಓಡಿದೆ! ಮರದಿಂದ ಮರಕ್ಕೆ. ಇನ್ನೊಂದು ಗುಂಡು. ಕೊಂಬೆ ಸೀಳಿತು. ಬೇಲಿ ಹಾರಿದೆ. ರಸ್ತೆ! ಶ್ರೀನಿವಾಸಪುರದ ಕಡೆ ಹೊರಟ ಲಾರಿಯ ಹಿಂಬದಿಗೆ ನೇತುಬಿದ್ದೆ.

ತಾಲ್ಲೂಕಿನ ಅಮಲ್ದಾರರ ಬಂಗಲೆ ಮೆಟ್ಟಿಲ ಮೇಲೆ ನೀರು ಸುರಿಸ್ತಾ ನಿಂತೆ.

"ದೆವ್ವದ ಸಾಕ್ಷಿ ನನ್ನ ಹತ್ರ ನಡೆಯಲ್ಲ ಕಣ್ರೀ ಮುಖ್ತಿಯಾರ್," ಅಂದ್ರು ಅವರು.

"ಕಲ್ಲಿನ ಸಾಕ್ಷಿ ನಡೆಯುತ್ತಾ ಸ್ವಾಮಿ?"

ಕನ್ನಡಕ ತೆಗೆದು ನನ್ನ ನೋಡಿದರು. "ನಾಳೆ ಬರ್ತೀನಿ. ಆ ಮುದುಕೀನೂ ಕರೆಸಿ."

ನನಗೆ ಒಂದೇ ದಿಗಿಲು. ಆ ಕಲ್ಲು ನಾಳೆವರೆಗೆ ಉಳಿಯುತ್ತಾ? ಒಂದು ಸುತ್ತಿಗೆ ಏಟು ಸಾಕು. ಶ್ಯಾಮಲಮ್ಮನ ತಾತ ಎರಡನೇ ಸಲ ಅಳಿಸಿಹೋಗ್ತಾನೆ!

ಮಾರನೇ ದಿನ ಹೋದ್ವಿ. ಅಮಲ್ದಾರರು, ಶ್ಯಾಮಲಮ್ಮ, ಗಾಡಿಯಲ್ಲಿ ನಂಗಲಿ ಮುದುಕಿ. ಮತ್ತೆ ಅದೇ ಮಟಮಟ ಮಧ್ಯಾಹ್ನ. ತೋಪಿನಲ್ಲಿ ಒಂದು ಹಕ್ಕಿಯ ಸದ್ದಿಲ್ಲ. ಬಾವಿ ಕಟ್ಟೆ ಮೇಲೆ ನರಸಿಂಹಪ್ಪ ಒಬ್ಬನೇ ಕೂತಿದ್ದ. ಅಳ್ತಾ ಇದ್ದ.

"ಎಲ್ಲಿ ನಿನ್ನ ಯಜಮಾನ?"

ಬಾವಿ ಕಡೆ ಬೆರಳು ತೋರಿಸಿದ.

"ಕಲ್ಲು ಒಡೆಯೋಕೆ ಊರೆಲ್ಲ ಕರೆದ್ರು ಸಾಬ್ರೇ. ಒಬ್ಬನೂ ಇಳೀಲಿಲ್ಲ. ದೆವ್ವ ಐತೆ ಅಂತ ಇವರೇ ಹೇಳಿದ್ರಲ್ಲ! ಕೊನೆಗೆ ಸುತ್ತಿಗೆ ಹಿಡ್ಕೊಂಡು ಇವರೇ ಇಳಿದ್ರು. ಒಂದು ಏಟಿನ ಸದ್ದೂ ಬರಲಿಲ್ಲ. ಕೂಗಿದ್ರೆ ಓಗೊಡ್ತಾ ಇಲ್ಲ..."

ಬಗ್ಗಿ ನೋಡಿದೆ. ಎದೆಮಟ್ಟ ನೀರಲ್ಲಿ ಅಶ್ವತ್ಥಪ್ಪ. ಕಲ್ಲಿನ ಮುಂದೆ ಕೈ ಜೋಡಿಸಿ ನಿಂತಿದ್ದ. ಸುತ್ತಿಗೆ ಇರಲಿಲ್ಲ. ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮೇಲೆ ಎಳೆದ್ವಿ. ಕಣ್ಣು ಬಿಟ್ಟಿತ್ತು, ನೋಟ ಇರಲಿಲ್ಲ. ಎಡಗೆನ್ನೆ ಮೇಲೆ ಅರಿಶಿನ. ಬೆರಳು ಮೂಡಿದ ಹಾಗೆ. ಅಷ್ಟು ಹೊತ್ತು ನೀರಲ್ಲಿದ್ದವನ ಕೆನ್ನೆಗೆ ಅರಿಶಿನ ಎಲ್ಲಿಂದ ಬಂತು... ನೀವೇ ಹೇಳಿ!

ಅಮಲ್ದಾರರು ಕಲ್ಲು ಓದಿದರು. ಮುದುಕಿಯನ್ನ ಕೇಳಿದರು. "ಕೊಟ್ವಿ ಸ್ವಾಮಿ, ಮಗನಾಗಿ ಕೊಟ್ವಿ. ಬಾಜಾಬಜಂತ್ರಿ ಹೊಡೆಸಿ ಕೊಟ್ವಿ!" ಅಂದಳು. ಮರ ಕಡಿಯೋದು ನಿಂತಿತು. ಸಮಾಧಿ ಉಳೀತು. ಅಮಲ್ದಾರರು ಬರೆಯೋಕೆ ಕೂತಾಗ ಶ್ಯಾಮಲಮ್ಮ ಮಣ್ಣು ಮೆತ್ತಿದ ಪಾದ ಊರಿಕೊಂಡು ಪಕ್ಕದಲ್ಲೇ ನಿಂತಳು.

"ಇಲ್ಲಟಂ ಅಂತ ಪೂರ್ತಿ ಬರೀರಿ ಬುದ್ದೀ. ಅರ್ಧಕ್ಕೆ ನಿಲ್ಲಿಸಬೇಡಿ!"

ಆಮೇಲೆ ಸಮಾಧಿಗೆ ಎಡೆ ಇಟ್ಟಳು. "ಚನ್ನರಾಯಪ್ಪಾ... ಬಾ ತಾತಾ, ಉಣ್ಣು. ಇದು ನಿನ್ನ ಮನೆ" ಅಂತ ಕೂಗಿ ಕರೆದಳು. ಗಾಳಿ ಇಲ್ಲದ ತೋಪಿನಲ್ಲಿ ಒಂದೇ ಒಂದು ಮರ ಅಲ್ಲಾಡಿತು. ಅಜ್ಜಿ ಆಮೇಲೆ ಅವಳ ಕನಸಿಗೆ ಬರಲಿಲ್ಲವಂತೆ.

ಅಶ್ವತ್ಥಪ್ಪ ಇನ್ನೂ ಇದ್ದಾನೆ. ಮನೆ ಜಗಲಿ ಮೇಲೆ ಕೂತಿರ್ತಾನೆ. ಊಟ ಆಯ್ತಾ ಅಂದ್ರೂ, ಹೆಸರೇನು ಅಂದ್ರೂ ಅವನ ಬಾಯಲ್ಲಿ ಒಂದೇ ಮಾತು. ಕೊನೇ ಅಕ್ಷರ ನುಂಗಿಬಿಡ್ತಾನೆ. 'ಇಲ್ಲ' ಅಂತಾನೋ, 'ಇಲ್ಲು' ಅಂತಾನೋ...

ಅದನ್ನ ಪತ್ತೆ ಮಾಡು ಅಂತ ನನಗೆ ಯಾರೂ ಕೇಸ್ ಕೊಟ್ಟಿಲ್ಲ!