ಪ್ರಶ್ನೆ ಕೇಳದ ಕಂಪ್ಯೂಟರ್

ಫೆಬ್ರುವರಿ 9, ಮಧ್ಯಾಹ್ನ 3 ಗಂಟೆ 20 ನಿಮಿಷ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಬದಿ. ಕೊಳೆನೀರಿನ ತೊಟ್ಟಿಯನ್ನು ತೊಳೆಯಲು ಇಳಿದವನು ತಳದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ಹಗ್ಗ ಹಾಕಿ ಮೇಲೆಳೆದಾಗ ಉಸಿರಿರಲಿಲ್ಲ.

ಇಳಿಯುವ ಮೊದಲು ಅವನು ಅನಿಲ ಅಳೆಯುವ ಮೀಟರ್ ಕೋಣೆಯತ್ತ ಕೂಗಿ ಕೇಳಿದ್ದ— "ಇಳೀಲೇನೋ?"

ಕಂಪ್ಯೂಟರ್ ಮುಂದೆ ಕೂತಿದ್ದ ಆಪರೇಟರ್ ಉತ್ತರಿಸಿದ್ದ— "ಹಸಿರಿದೆ, ಇಳೀರಿ ಭಾವ."

ಸತ್ತವನು ಆಪರೇಟರನ ಅಕ್ಕನ ಗಂಡ.

ಮರುದಿನ ಬೆಳಿಗ್ಗೆ ಸುರಕ್ಷತಾ ಇಲಾಖೆಯಿಂದ ತನಿಖೆಗೆ ಹೊರಟ ಮೇಡಂ ಜೊತೆ ನಾನೂ ಹೋದೆ. ನಾನು ರಸಾಯನಶಾಸ್ತ್ರದವನು, ಗಾಳಿಯ ಮಾದರಿ ಹಿಡಿಯುವುದು ನನ್ನ ಕೆಲಸ. ಆದರೆ ಅಷ್ಟರಲ್ಲಿ ತೊಟ್ಟಿಗೆ ಫ್ಯಾನ್ ಹಾಕಿ, ನೀರು ಹಾಯಿಸಿ, ಎಲ್ಲವನ್ನೂ ತೊಳೆದಿದ್ದರು. ಹಿಡಿಯಲು ಏನೂ ಉಳಿದಿರಲಿಲ್ಲ. ತೊಟ್ಟಿಯೊಳಗಿನ ವಿಷಾನಿಲದ ಪ್ರಮಾಣವನ್ನು ನಿಮಿಷಕ್ಕೊಮ್ಮೆ ಬರೆದಿಡುವ ಆ ಕಂಪ್ಯೂಟರ್ ಒಂದೇ ಸಾಕ್ಷಿ. ಅದರಲ್ಲಿ ಹಿಂದಿನ ದಿನದ ದಾಖಲೆಯೇ ಇರಲಿಲ್ಲ.

"ಎಲ್ಲಿಂದ ಬರತ್ತೆ ಮೇಡಂ?" ಕಾರ್ಖಾನೆಯ ಇಂಜಿನಿಯರ್ ಕೈ ಚೆಲ್ಲಿದರು. "ನಿನ್ನೆ ಮಧ್ಯಾಹ್ನವೇ ಕರೆಂಟ್ ಏರುಪೇರಾಗಿ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಆ ದಿನದ ಫೈಲೂ ಅದರ ಜೊತೆ ಹೋಯ್ತು. ಈ ಮಹಾಶಯ ನಿದ್ದೆ ಹೊಡೀತಿದ್ದ. ಸತ್ತ ಪರದೆ ಮುಂದೆ ಕೂತ್ಕೊಂಡು 'ಹಸಿರಿದೆ' ಅಂದಿದ್ದಾನೆ."

"ಸುಳ್ಳು!" ಆಪರೇಟರ್ ಮುಂದೆ ಬಂದ. "ಹಸಿರು ದೀಪ ಇತ್ತು. ಕಣ್ಣಾರೆ ನೋಡಿದೀನಿ."

"ಪರದೆ ಮೇಲೆ ಅಂಕಿ ಕಾಣಲ್ವಾ?" ಮೇಡಂ ಅವನನ್ನು ಕೇಳಿದರು.

"ಇಲ್ಲ ಮೇಡಂ. ಅಂಕಿ ಫೈಲಿಗೆ ಹೋಗತ್ತೆ. ನಮಗೆ ದೀಪ ಮಾತ್ರ. ಮಿತಿ ದಾಟಿದ್ರೆ ಕೆಂಪು, ಅಲಾರಂ."

"ಅಲಾರಂ ಹೊಡೀತಾ?"

"ಇಲ್ಲ."

ಕಿಟಕಿಯಾಚೆ ಗೇಟಿನ ಬೆಂಚಿನ ಮೇಲೆ ಅವನ ಅಕ್ಕ ಕೂತಿದ್ದಳು. ಹಿಂದಿನ ದಿನದಿಂದ ಅವಳು ತಮ್ಮನ ಜೊತೆ ಒಂದು ಮಾತೂ ಆಡಿರಲಿಲ್ಲ. ಬೆಳಿಗ್ಗೆ ಅವನು ನೀರು ತಂದುಕೊಟ್ಟಾಗ ಲೋಟವನ್ನು ಕೆಳಗಿಟ್ಟು ಮುಖ ತಿರುಗಿಸಿದ್ದಳಂತೆ.

ಮೇಡಂ ಕಂಪ್ಯೂಟರ್ ಮೆಕ್ಯಾನಿಕ್‌ನನ್ನು ಕರೆಸಿದರು. ಮಾತಿನ ಮಲ್ಲ.

"ಬೋರ್ಡ್ ಹೇಗಿತ್ತು?"

"ಕರಕಲು ಮೇಡಂ. ವಾಸನೆ ಇನ್ನೂ ಮೂಗಲ್ಲೇ ಇದೆ."

"ಯಾವಾಗ ಬದಲಾಯಿಸಿದ್ರಿ?"

"ನಿನ್ನೆ ಸಂಜೆ. ಈ ಇಂಜಿನಿಯರ್ ಸಾಹೇಬ್ರೇ ಫೋನ್ ಮಾಡಿ ಕರೆಸಿದ್ರು."

"ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿದ್ರಾ?"

"ಹಾಕ್ತೀನಿ ಅಂದೆ. ಬೇಡ, ಬೋರ್ಡ್ ಮಾತ್ರ ಬದಲಾಯಿಸು, ಡಿಸ್ಕ್ ಹಾಗೇ ಇರ್ಲಿ ಅಂದ್ರು. ನನಗೂ ಕೆಲಸ ಹಗುರ. ಹೊಸ ಬೋರ್ಡ್ ಕೂರಿಸಿ ಸ್ವಿಚ್ ಒತ್ತಿದೆ— ಎದ್ದೇಬಿಡ್ತು!"

"ಕಂಪ್ಯೂಟರ್ ಏನೂ ಕೇಳ್ಲಿಲ್ವಾ?"

"ಏನೂ ಇಲ್ಲ. ನಾನೊಂದು ಹೊಸ ಅಂಗಿ ಹಾಕ್ಕೊಂಡು ಹೋದ್ರೆ ಮನೇಲಿ ಸಾವಿರ ಪ್ರಶ್ನೆ ಕೇಳ್ತಾರೆ. ಇದು ಬೋರ್ಡೇ ಬದಲಾದ್ರೂ ಒಂದೂ ಕೇಳ್ಲಿಲ್ಲ."

ನನಗೆ ನಗು ಬಂತು. ಮೇಡಂ ನಗಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಏನೋ ತೆರೆದು ನೋಡಿದರು. ಆಮೇಲೆ ಆಪರೇಟರನತ್ತ ತಿರುಗಿದರು.

"ಇದನ್ನ ಆಫ್ ಮಾಡಿ ಆನ್ ಮಾಡೋದು ಯಾವಾಗ?"

"ಪಾಳಿ ಶುರುವಾದಾಗ, ದಿನಾ. ನಿನ್ನೆ ಕೂಡ ಮಾಡ್ದೆ."

"ಇದರ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇದೆ?"

"ಸಾಹೇಬ್ರ ಹತ್ರ ಮಾತ್ರ. ನಮಗೆ ಗಡಿಯಾರ ಸರಿ ಮಾಡೋಕೂ ಬಿಡಲ್ಲ."

"ಭಾವನ್ನ ಮೇಲೆತ್ತಿದ್ಮೇಲೆ ನೀವೆಲ್ಲಿದ್ರಿ?"

"ಆಸ್ಪತ್ರೇಲಿ. ಅವರ ತಲೆ ನನ್ನ ತೊಡೆ ಮೇಲಿತ್ತು."

"ಆಗ ಈ ಕೋಣೇಲಿ ಯಾರಿದ್ರು?"

ಇಂಜಿನಿಯರ್ ಕರವಸ್ತ್ರ ತೆಗೆದರು. "ನಾನು ಕಾವಲಿಗಿದ್ದೆ. ತಪ್ಪೇ?"

"ತಪ್ಪು ಅದಲ್ಲ," ಮೇಡಂ ಎದ್ದು ನಿಂತರು. "ಈ ಡಿಸ್ಕಿಗೆ ಬೀಗ ಇದೆ. ಅದರ ಕೀಲಿ ಮದರ್‌ಬೋರ್ಡಿನ ಒಂದು ಚಿಪ್‌ನೊಳಗೆ. ಬೋರ್ಡ್ ಬದಲಾದ್ರೆ ಡಿಸ್ಕ್ ಗುರುತು ಹಿಡಿಯಲ್ಲ. ಉದ್ದದ ಒಂದು ಸಂಖ್ಯೆ ಕೇಳತ್ತೆ. ಕೊಡದಿದ್ರೆ ತೆರೆಯಲ್ಲ. ಇದು ಯಾಕೆ ಕೇಳ್ಲಿಲ್ಲ? ಬೋರ್ಡ್ ತೆಗೆಯೋಕೆ ಮೊದಲೇ ಯಾರೋ ಆ ಬೀಗಾನ ತಾತ್ಕಾಲಿಕವಾಗಿ ಸಡಿಲಿಸಿದ್ರು. ಬೋರ್ಡ್ ಬದಲಾಯಿಸೋದು ಗೊತ್ತಿದ್ದೋರು ಹಾಗೇ ಮಾಡಬೇಕು. ಶಿಸ್ತಿನ ಕೆಲಸ. ಆದ್ರೆ ಬೀಗ ಸಡಿಲಿಸಬೇಕಾದ್ರೆ ಕಂಪ್ಯೂಟರ್ ಓಡ್ತಿರಬೇಕು. ಸುಟ್ಟ ಬೋರ್ಡಲ್ಲಿ ಆಗಲ್ಲ."

"ಹಿಂದೆ ಎಂದೋ ಸಡಿಲಿಸಿರಬಹುದಲ್ಲ?" ಎಂದೆ ನಾನು.

"ಒಂದು ಸಲ ಆಫ್ ಆಗಿ ಆನ್ ಆದ್ರೆ ಅದು ತಾನೇ ಬಿಗಿಯಾಗತ್ತೆ. ಪಾಳಿ ಶುರುವಲ್ಲಿ ಇವನು ಆಫ್ ಆನ್ ಮಾಡಿದ್ದಾನೆ. ಹಾಗಾಗಿ ಸಡಿಲಿಸಿದ್ದು ಅದರ ನಂತರ. ಪಾಸ್‌ವರ್ಡ್ ಇದ್ದೋರು. ಕೋಣೇಲಿ ಒಬ್ಬರೇ ಇದ್ದೋರು. ಫೈಲ್ ಅಳಿಸಿ, ಬೀಗ ಸಡಿಲಿಸಿ, ಕೊನೆಗೆ ಬೋರ್ಡ್ ಸುಟ್ಟೋರು."

"ಊಹೆ!" ಇಂಜಿನಿಯರ್ ಕಿರುಚಿದರು. "ಡಿಸ್ಕನ್ನೇ ಒಡೆದು ಹಾಕಬಹುದಿತ್ತಲ್ಲ ನಾನು?"

"ಹಾಕಬಹುದಿತ್ತು. ಆದ್ರೆ ಆಗ ಎಲ್ಲಾ ಹೊಸದಾಗಿ ಹಾಕಬೇಕಿತ್ತು. ಮೀಟರ್ ಕಂಪನಿಯೋರು ಬರಬೇಕಿತ್ತು. ಅಲಾರಂ ಮಿತಿ ನೋಡ್ತಿದ್ರು. ನಾನೀಗ ನೋಡ್ದೆ. ದಶಲಕ್ಷಕ್ಕೆ ಹತ್ತು ಇರಬೇಕಾದ ಕಡೆ ಸಾವಿರ ಇದೆ. ಯಾಕೆ?"

ಇಂಜಿನಿಯರ್ ಕುರ್ಚಿ ಹಿಡಿದುಕೊಂಡರು. ದನಿ ಇಳಿಯಿತು. "ದಿನಾ ಹೊಡೀತಿತ್ತು ಮೇಡಂ. ಹೊಡೆದಾಗೆಲ್ಲ ಪಂಪ್ ನಿಲ್ಲಿಸಿ ಕೆಲಸ ನಿಲ್ಲಿಸಬೇಕು. ಮೇಲಿನೋರು ನನ್ನ ಕುತ್ತಿಗೆ ಮೇಲೆ ಕೂರ್ತಿದ್ರು..."

ಅಳಿಸಿದ ಫೈಲಿನ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ಒಳಗಿನದು ಡಿಸ್ಕಿನಲ್ಲಿ ಹಾಗೇ ಇರುತ್ತದೆ. ಹೊಸ ಸಿಸ್ಟಂ ಹಾಕಿದ್ದರೆ ಅದರ ಮೇಲೆ ಬರೆದುಹೋಗುತ್ತಿತ್ತೇನೋ. ಹಾಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಇಲಾಖೆಯ ತಂತ್ರಜ್ಞ ಅದನ್ನು ಹೊರತೆಗೆದ.

ಮೇಡಂ ಅಕ್ಕನನ್ನು ಒಳಗೆ ಕರೆಸಿ ನಡೆದದ್ದನ್ನೆಲ್ಲ ಹೇಳಿದರು. ಅವಳು ಅಳಲಿಲ್ಲ. ಬಾಗಿಲ ಬಳಿ ನಿಂತಿದ್ದ ತಮ್ಮನನ್ನು ನೋಡಿದಳು.

"ನಾನೇ ಇಳೀರಿ ಅಂದೆ ಅಕ್ಕ," ಎಂದ ಅವನು.

"ಹಸಿರಿತ್ತಂತಲ್ಲೋ," ಎಂದಳು ಅವಳು. ಆಮೇಲೆ ಮೇಡಂ ಕಡೆ ತಿರುಗಿ ಕೇಳಿದಳು— "ನಮ್ಮನೆಯವರು ಇಳಿಯೋವಾಗ ಅಲ್ಲಿ ಎಷ್ಟಿತ್ತು?"

ಮೇಡಂ ಪರದೆ ನೋಡಿ ಓದಿದರು.

"ಹೈಡ್ರೋಜನ್ ಸಲ್ಫೈಡ್, ದಶಲಕ್ಷಕ್ಕೆ 640 ಭಾಗ."