ಒಂಬತ್ತನೆಯ ಬೋರಿನ ಕಲ್ಲಿದ್ದಲು

ಠಾಣೆಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾಗಲೇ ಗಣಿ ಇಲಾಖೆಯ ಭೂವಿಜ್ಞಾನಿ ಮೇಡಂ ದೂರು ಬರೆದುಕೊಂಡು ಬಂದು ಇನ್ಸ್‌ಪೆಕ್ಟರ್ ಎದುರಿಗೆ ಕೂತರು. ಒಂದೇ ಪುಟದ ದೂರು. ಎರಡು ಸಲ ಓದಿದರೂ ಇನ್ಸ್‌ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಸರ, ಸೈಕಲ್ಲು, ಮೋಟಾರು ಕಳುವಾದ ದೂರಾದರೆ ಅವರು ಕಣ್ಣು ಮುಚ್ಚಿಕೊಂಡು ದಾಖಲಿಸುತ್ತಿದ್ದರು. ಇಲ್ಲಿ ಕಳುವಾಗಿದ್ದು ಕಲ್ಲು. ಅದೂ ಸಾಲದೆಂದು ಕದ್ದವನು ಅದರ ಜಾಗದಲ್ಲಿ ಬೇರೆ ಕಲ್ಲು ಇಟ್ಟು ಹೋಗಿದ್ದ.

ಮೇಡಂ ನೀರು ಕುಡಿದು ಬಿಡಿಸಿ ಹೇಳಿದರು. ಊರಾಚೆಯ ಸರ್ಕಾರಿ ಜಮೀನಿನ ಅಡಿಯಲ್ಲಿ ಕಲ್ಲಿದ್ದಲಿದೆ. ಅದನ್ನು ಅಗೆಯುವ ಹಕ್ಕನ್ನು ಸರ್ಕಾರ ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತದೆ. ನೆಲದೊಳಗೆ ಏನಿದೆಯೆಂದು ಕಣ್ಣಾರೆ ಕಂಡವರಿಲ್ಲವಲ್ಲ, ಹಾಗಾಗಿ ಇಲಾಖೆ ಮೊದಲು ಅಲ್ಲಲ್ಲಿ ಬೋರ್ ಕೊರೆಸುತ್ತದೆ. ಆಳದಿಂದ ದುಂಡಗೆ, ಉದ್ದಕ್ಕೆ ಮೇಲೆ ಬರುವ ಕಲ್ಲಿಗೆ ಕೋರ್ ಎನ್ನುತ್ತಾರೆ. ಅದನ್ನು ಬಂದ ಕ್ರಮದಲ್ಲೇ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಶೆಡ್ಡಿನಲ್ಲಿ ಇಡುತ್ತಾರೆ. ಗುತ್ತಿಗೆ ಕೇಳುವ ಕಂಪನಿಗಳವರು ಬಂದು ನೋಡುವುದು ಅದನ್ನೇ. ನಿನ್ನೆ ಬಂದವರು ಒಂಬತ್ತನೆಯ ಬೋರಿನ ಪೆಟ್ಟಿಗೆ ನೋಡಿ ನಕ್ಕುಬಿಟ್ಟರಂತೆ. ಮೇಡಂ ಸಹಿ ಹಾಕಿದ ವರದಿಯಲ್ಲಿ ಕಲ್ಲಿದ್ದಲಿನ ದಪ್ಪ ಪದರ, ಪೆಟ್ಟಿಗೆಯಲ್ಲಿ ಬರೀ ಬೂದುಗಲ್ಲು.

"ನಾಳೆ ಹರಾಜು. ಕೋರ್ ಸಿಗದಿದ್ರೆ ಆ ಜಾಗಾನ ಹರಾಜಿನಿಂದ ತೆಗೀತಾರೆ. ನನ್ನನ್ನ ಕೆಲಸದಿಂದ ತೆಗೀತಾರೆ, ಸುಳ್ಳು ವರದಿ ಕೊಟ್ಟೆ ಅಂತ."

10:40ಕ್ಕೆ ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲೇ ಮೇಲಧಿಕಾರಿಯ ಫೋನು ಬಂತು. ಸಂಜೆಯೊಳಗೆ ಮಾಲು ಸಿಗಬೇಕು, ಮೇಲಿನವರಿಗೆ ಉತ್ತರ ಹೇಳಬೇಕಾದವನು ನಾನು ಎಂದು ಅವರು ಗುಡುಗಿ ಫೋನು ಇಟ್ಟರು.

ಶೆಡ್ಡು ಇಲಾಖೆಯ ಕಚೇರಿಯ ಹಿಂದೆ ಇತ್ತು. ತಗಡಿನ ಮಾಡು, ಎರಡೂ ಕಡೆ ಕಬ್ಬಿಣದ ಅಟ್ಟಣಿಗೆ, ಅದರ ತುಂಬ ಪೆಟ್ಟಿಗೆಗಳು. ಜೊತೆಗೆ ಬಂದಿದ್ದ ಠಾಣೆಯ ದಫೇದಾರ ಒಳಗೆ ಕಾಲಿಟ್ಟ ಕೂಡಲೇ ಕಲ್ಲಿನ ಪುಡಿಗೆ ಸೀನಿದ. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಪಂಚನಾಮೆಗೆ ಇಬ್ಬರು ಪಂಚರು ಬೇಕಿತ್ತು. ಒಬ್ಬ ಗೇಟಿನ ಕಾವಲುಗಾರ, ಇನ್ನೊಬ್ಬ ಇಲಾಖೆಯ ಬೋರ್ ಮೇಸ್ತ್ರಿ. ತಲೆ ನರೆಯುವವರೆಗೂ ಅದೇ ಇಲಾಖೆಯಲ್ಲಿ ಬೋರ್ ಕೊರೆದವನು. ಕಂಪನಿಯವರು ನೋಡಲೆಂದು ಪೆಟ್ಟಿಗೆಗಳನ್ನು ಇಳಿಸಿ ಮೇಜಿನ ಮೇಲೆ ಜೋಡಿಸಿದ್ದೂ ಅವನೇ.

ಒಂಬತ್ತನೆಯ ಬೋರಿನ ಪೆಟ್ಟಿಗೆಗಳಲ್ಲಿ ಎರಡರೊಳಗಿನ ಕಲ್ಲು ಮಾತ್ರ ಬದಲಾಗಿತ್ತು. ಅವುಗಳ ಮೇಲೆ ಬಗ್ಗಿದ ಮೇಡಂ ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಅವರ ಮುಖ ಸಪ್ಪಗಾಗಿತ್ತು.

"ಹೊರಗಿನವರಾಗಿದ್ರೆ ಸುಮ್ನೆ ಸುರಿದು ಹೋಗ್ತಿದ್ರು. ಇಲ್ಲಿ ಮುರಿದ ತುದಿಗೆ ಮುರಿದ ತುದಿ ಕೂಡಿಸಿ ಇಟ್ಟಿದಾರೆ. ಇದು ನಮ್ಮವರದೇ ಕೈ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು ಅನ್ನಿ. ದಫೇದಾರ ಒಂದು ತುಂಡನ್ನು ಎತ್ತಿ, ತಿರುಗಿಸಿ ನೋಡಿ, ಹಾಗೇ ಪೆಟ್ಟಿಗೆಯಲ್ಲಿಟ್ಟ. ಟೇಪು ಹಿಡಿದು ನಿಂತಿದ್ದ ಮೇಸ್ತ್ರಿ ಇನ್ನೊಂದು ಕೈಯಿಂದ ಅದನ್ನು ತುದಿ ಬದಲಿಸಿ ಸರಿಯಾಗಿಟ್ಟ. ಯಾರೂ ಹೇಳಿರಲಿಲ್ಲ, ಅವನು ಅತ್ತ ನೋಡಿಯೂ ಇರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು. ಆ ಹೊತ್ತಿಗೆ ಅವರಿಗೆ ಅದು ಬರೀ ಅಚ್ಚುಕಟ್ಟುತನ ಅನಿಸಿತು.

ಮಧ್ಯಾಹ್ನ ಕಂಪನಿಯ ಏಜೆಂಟನನ್ನು ಹೋಟೆಲಿನಿಂದ ಕರೆಸಿದರು. ನಕ್ಕವನು ಇವನೇ. ಈ ಸಲ ಹರಾಜು ನಿಂತು ಜಾಗಕ್ಕೆ ಕೆಟ್ಟ ಹೆಸರು ಬಂದರೆ ಮುಂದೆ ಅಗ್ಗಕ್ಕೆ ಹೊಡೆದುಕೊಳ್ಳಬಹುದು, ಲಾಭ ಇವನ ಕಂಪನಿಗೇ. ಇನ್ಸ್‌ಪೆಕ್ಟರ್ ಇನ್ನೂ ಏನೂ ಕೇಳಿರಲಿಲ್ಲ, ಅಷ್ಟರಲ್ಲೇ ತಾನು ಯಾವ ಪೆಟ್ಟಿಗೆಯನ್ನೂ ಮುಟ್ಟಿಲ್ಲವೆಂದು ಅವನು ಶುರುಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ದಫೇದಾರನಿಗೆ ಆಗಲೇ ಕೋಳ ತೆಗೆಯುವ ಉಮೇದು. ಆದರೆ ಶೆಡ್ಡಿನಿಂದ ತಂದಿದ್ದ ನಾಲ್ಕಾರು ತುಂಡುಗಳನ್ನು ಮೇಜಿನ ಮೇಲೆ ಹರಡಿ, ಕೂಡಿಸು ಎಂದಾಗ ಏಜೆಂಟ್ ಇಟ್ಟಿಗೆ ಪೇರಿಸುವವನಂತೆ ಒಂದರ ಮೇಲೊಂದು ಇಡಲು ಹೋಗಿ ಕಾಲಿನ ಮೇಲೆ ಕೆಡವಿಕೊಂಡ. ಅದೂ ಅಲ್ಲದೆ, ಶೆಡ್ಡಿನಲ್ಲಿ ಇದ್ದಷ್ಟು ಹೊತ್ತೂ ಅವನ ಪಕ್ಕದಲ್ಲಿ ಮೇಡಂ ಇದ್ದರು. ಅವನಲ್ಲಿ ಆಸೆ ಬೇಕಾದಷ್ಟಿತ್ತು, ಆ ಕೈಚಳಕ ಇರಲಿಲ್ಲ. ಕುಂಟುತ್ತಾ ಹೋದ.

ಏನೂ ಹೊಳೆಯದಿದ್ದಾಗ, ಕಳುವಾದ ವಸ್ತು ಮೊದಲು ಎಲ್ಲಿತ್ತೋ ಅಲ್ಲಿಗೆ ಹೋಗಿ ನಿಲ್ಲುವುದು ಇನ್ಸ್‌ಪೆಕ್ಟರರ ರೂಢಿ. ಜೀಪು ಒಂಬತ್ತನೆಯ ಬೋರಿನ ಜಾಗಕ್ಕೆ ಹೊರಟಿತು.

ಬಯಲು ಇರಬಹುದೆಂದು ಅವರು ಎಣಿಸಿದ್ದರು. ನೋಡಿದರೆ ಅದೊಂದು ಬೀದಿ. ತಗಡಿನ ಮಾಡಿನ ಪುಟ್ಟ ಮನೆಗಳು, ಗೋಡೆಗೆ ಒರಗಿಸಿದ ಸೈಕಲ್ಲುಗಳು, ನೀರಿನ ಟ್ಯಾಂಕರಿಗೆ ಕಾದು ಸಾಲಾಗಿ ಕೂತ ಕೊಡಗಳು. ದಫೇದಾರ ಕೆಳದನಿಯಲ್ಲಿ ವಿವರಿಸಿದ. ಎರಡು ತಲೆಮಾರಿನಿಂದ ಇಲ್ಲೇ ಇದ್ದರೂ ಯಾರ ಬಳಿಯೂ ಹಕ್ಕುಪತ್ರವಿಲ್ಲ, ನೆಲ ಸರ್ಕಾರದ್ದು. ಗುತ್ತಿಗೆಯಾದರೆ ಪರಿಹಾರವೂ ಇಲ್ಲ, ಒತ್ತುವರಿದಾರರು ಎಂದು ಎಬ್ಬಿಸುತ್ತಾರೆ, ಅಷ್ಟೇ. ಇನ್ಸ್‌ಪೆಕ್ಟರ್ ಕೊಡಗಳ ಸಾಲನ್ನು ನೋಡಿದರು. ತಾವು ಗೆದ್ದರೆ ಈ ಬೀದಿ ಸೋಲುತ್ತದೆ ಎಂಬುದು ಅವರಿಗೆ ಆಗಲೇ ತಿಳಿದದ್ದು, ಮತ್ತು ಅದು ಅವರಿಗೆ ಹಿಡಿಸಲಿಲ್ಲ.

ಬೋರಿನ ಕೊಳವೆ ಇದ್ದದ್ದು ಒಂದು ಮನೆಯ ಅಂಗಳದ ನಡುವೆ. ಬಾಯಿಗೆ ಮುಚ್ಚಳ, ಸುತ್ತ ಸಿಮೆಂಟಿನ ಕಟ್ಟೆ. ಆ ಕಟ್ಟೆಯನ್ನು ಯಾರೋ ದಿನಾ ತೊಳೆಯುತ್ತಿದ್ದರೆಂದು ಕಾಣುತ್ತದೆ, ಬೆಳ್ಳಗೆ ಹೊಳೆಯುತ್ತಿತ್ತು. ಜಗುಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ವಯಸ್ಸಾದ ಹೆಂಗಸು ಕನ್ನಡಕ ಎತ್ತಿ ನೋಡಿದಳು.

"ನೀರಿನ ಬೋರ್ ಸಾರ್ ಅದು. ನನ್ನ ತಮ್ಮನೇ ಕೊರೆದಿದ್ದು. ಕಾಗದಪತ್ರ ಆದ ಮೇಲೆ ಸರ್ಕಾರದವರು ಮೋಟಾರ್ ಹಾಕ್ತಾರಂತೆ."

"ನಿಮ್ಮ ತಮ್ಮ ಎಲ್ಲಿ ಕೆಲಸ ಮಾಡ್ತಾರಮ್ಮಾ?"

"ಗಣಿ ಇಲಾಖೇಲಿ ಮೇಸ್ತ್ರಿ."

ಇನ್ಸ್‌ಪೆಕ್ಟರರ ಕಣ್ಣ ಮುಂದೆ ಟೇಪು ಹಿಡಿದ ಆ ಮನುಷ್ಯ ಬಂದ. ಬೂದುಗಲ್ಲಿನ ತುಂಡುಗಳೆಲ್ಲ ನೋಡಲು ಒಂದೇ ಥರ. ಯಾವ ತುದಿ ಯಾವ ಕಡೆಗೆಂದು ನೋಡದೆಯೇ ಆ ಕೈಗೆ ಗೊತ್ತಿತ್ತು, ಏಕೆಂದರೆ ಅದನ್ನು ಅಲ್ಲಿಟ್ಟದ್ದೇ ಆ ಕೈ. ಕಳ್ಳನನ್ನೇ ಪಂಚನನ್ನಾಗಿ ಮಾಡಿ ಸಹಿ ಹಾಕಿಸಿಕೊಂಡು ಬಂದಿದ್ದರು. ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

4:15ಕ್ಕೆ ಜೀಪು ಇಲಾಖೆಯ ಕ್ವಾರ್ಟರ್ಸ್ ಮುಂದೆ ನಿಂತಿತು. ಮೇಸ್ತ್ರಿಯದು ಒಂಟಿ ಜೀವ, ಒಂದೇ ಕೋಣೆ. ಬಾಗಿಲು ತೆರೆದವನು ಸಮವಸ್ತ್ರ ನೋಡಿ ಹಿಂದೆ ಸರಿದ. ದಫೇದಾರ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮ ಅಕ್ಕನ ಮನೆ ಅಂಗಳದಲ್ಲಿ ಬೋರ್ ಕೊರೆದಿದ್ದು ಯಾರು?"

"ನಾನೇ ಸಾರ್. ನಕ್ಷೇಲಿ ಗುರುತು ಹಾಕಿದ್ದೇ ಅಲ್ಲಿ."

"ನೀರು ಬಿತ್ತಾ?"

ಮೇಸ್ತ್ರಿ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

"ಕೋರ್ ಎಲ್ಲಿ?"

"ನಂಗೊತ್ತಿಲ್ಲ ಸಾರ್."

"ಬೇಡ ಬಿಡಿ. ಮೇಡಂ ಸಸ್ಪೆಂಡ್ ಆರ್ಡರ್ ಟೈಪ್ ಆಗಿದೆ. ಸಹಿ ಒಂದು ಬಾಕಿ."

ಮೇಸ್ತ್ರಿ ತಲೆಯೆತ್ತಿದ. ಅವನ ಲೆಕ್ಕದಲ್ಲಿ ಆ ಜಾಗ ಹರಾಜಿನಿಂದ ಬಿಟ್ಟುಹೋದರೆ ಅಕ್ಕನ ಮನೆ ಉಳಿಯುತ್ತಿತ್ತು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ವರದಿಯ ಕೆಳಗೆ ಒಬ್ಬರ ಸಹಿ ಇರುತ್ತದೆ ಎಂಬುದನ್ನು ಅವನು ಮರೆತಿದ್ದ.

"ಮೇಡಂ ಏನು ಮಾಡಿದ್ರು ಸಾರ್?"

"ಕಂಡಿದ್ದನ್ನ ಕಂಡಹಾಗೆ ಬರೆದ್ರು. ಈಗ ಅದು ಪೆಟ್ಟಿಗೇಲಿ ಇಲ್ಲ. ಸುಳ್ಳಿ ಅಂತಾರೆ."

ದಫೇದಾರನ ಕೈ ಲಾಠಿಯ ಮೇಲೆ ಬಿಗಿಯಿತು, ಇನ್ಸ್‌ಪೆಕ್ಟರ್ ಕಣ್ಣಲ್ಲೇ ಬೇಡವೆಂದರು. ಈ ಮನುಷ್ಯ ಅಡಕತ್ತರಿಯಲ್ಲಿ ಸಿಕ್ಕಿದ್ದ. ಒಂದು ಕಡೆ ಅಕ್ಕ, ಇನ್ನೊಂದು ಕಡೆ ತನ್ನನ್ನು ನಂಬಿ ಶೆಡ್ಡಿನ ಬೀಗದ ಕೈ ಕೊಟ್ಟ ಮೇಡಂ. ಅವನು ಬಗ್ಗಿ, ಮಂಚದಿಂದ ಇಳಿಬಿದ್ದಿದ್ದ ಹೊದಿಕೆಯನ್ನು ಮೇಲೆತ್ತಿದ.

"ಮಂಚದ ಕೆಳಗಿದೆ ಸಾರ್."

ಬೇರೆ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮಾಡಿದರು. ಮಂಚದ ಕೆಳಗಿಂದ ಹೊಸದಾಗಿ ಹೊಡೆದ ಎರಡು ಮರದ ಪೆಟ್ಟಿಗೆಗಳು ಬಂದವು. ಒಳಗೆ ಕರ್ರಗೆ ಮಿರುಗುವ ಕಲ್ಲಿದ್ದಲು, ಒಣಗಿ ಪುಡಿಯಾಗದಂತೆ ಪ್ಲಾಸ್ಟಿಕ್ ಸುತ್ತಿ, ಆಳದ ಗುರುತಿನ ಮರದ ಬಿಲ್ಲೆಗಳ ಸಮೇತ ಬಂದ ಕ್ರಮದಲ್ಲೇ ಮಲಗಿತ್ತು. ಇಲಾಖೆಯ ಶೆಡ್ಡಿನಲ್ಲೂ ಅಷ್ಟು ಚೆನ್ನಾಗಿ ಇಟ್ಟಿರಲಿಲ್ಲ. ಹಳೆಯ ಬೋರೊಂದರ ಬೂದುಗಲ್ಲನ್ನು ಶೆಡ್ಡಿನ ಪೆಟ್ಟಿಗೆಗಳಿಗೆ ತುಂಬಿ, ಇದನ್ನು ಗುಜರಿ ಸಾಮಾನಿನ ಜೊತೆ ಇಲಾಖೆಯ ಗಾಡಿಯಲ್ಲೇ ಸಾಗಿಸಿದ್ದನಂತೆ. ದಫೇದಾರನಿಗೆ ತಡೆಯಲಾಗಲಿಲ್ಲ.

"ಅಲ್ಲಯ್ಯಾ, ಇದ್ದಲು ತಾನೇ? ಒಲೆಗೆ ಹಾಕಿದ್ರೆ ಬೂದಿಯಾಗೋದು. ನಮ್ಮಪ್ಪನಾಣೆ ಹಿಡಿಯೋಕಾಗ್ತಿರಲಿಲ್ಲ."

"ಅದು ಕೋರ್ ಸಾರ್," ಎಂದ ಮೇಸ್ತ್ರಿ, ಮಗುವಿಗೆ ಹೇಳುವಂತೆ. "ಅಷ್ಟು ಆಳದಿಂದ ಮುರೀದ ಹಾಗೆ ತಂದಿದ್ದು. ಹಾಳು ಮಾಡೋಕಾಗುತ್ತಾ?"

5:30ಕ್ಕೆ ಬಂಧನ. ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡಾಗ ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ತಾಯಿ ಸತ್ತ ಮೇಲೆ ಅಕ್ಕನೇ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದ್ದಳು, ಅವನಿಗಾಗಿ ಅವಳು ಮದುವೆಯಾಗಲಿಲ್ಲ. ಬೋರ್ ಯಂತ್ರ ಹೊತ್ತ ಲಾರಿ ಅವಳ ಅಂಗಳಕ್ಕೇ ಬಂದು ನಿಂತ ದಿನ, ಇದರಿಂದ ನಿನ್ನ ಮನೆ ಹೋಗಬಹುದು ಎನ್ನಲಾಗದೆ ಅವನ ಬಾಯಿಂದ ನೀರಿನ ಸುಳ್ಳು ಬಂದುಬಿಟ್ಟಿತು. ಅವಳು ಕೆಲಸದವರಿಗೆಲ್ಲ ಚಹಾ ಮಾಡಿಕೊಟ್ಟಳು. ಅಕ್ಕನಿಗೆ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಕೈಮುಗಿದ. ಅವನು ಕೇಳಿದ್ದು ಅದೊಂದೇ. ಅಷ್ಟರಲ್ಲಿ ಮೇಲಧಿಕಾರಿ ಫೋನಿನಲ್ಲಿ ಶಹಭಾಸ್ ಎಂದರು. ಆ ಶಹಭಾಸ್ ಇನ್ಸ್‌ಪೆಕ್ಟರಿಗೆ ಕಹಿಯಾಗಿತ್ತು.

ಠಾಣೆಯಿಂದ ಬಂಧನದ ಸುದ್ದಿಯಷ್ಟೇ ತಿಳಿದ ಅಕ್ಕ ಒಂದು ಚೀಲದಲ್ಲಿ ತಮ್ಮನ ಬಟ್ಟೆ, ರಕ್ತದೊತ್ತಡದ ಮಾತ್ರೆ ಹಿಡಿದುಕೊಂಡು ಬಂದಳು. ಇನ್ಸ್‌ಪೆಕ್ಟರ್ ಅವನನ್ನು ಲಾಕಪ್ಪಿನಿಂದ ಹೊರಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಅವನು ನೆಲ ನೋಡುತ್ತಲೇ ಹೇಳಿದ.

"ಅಕ್ಕಾ, ನೀರು ಬಿದ್ದಿರಲಿಲ್ಲ."

"ಗೊತ್ತು ಕಣೋ. ಅವತ್ತು ಅಂಗಳದ ತುಂಬ ಕರೀ ಕೆಸರು ಹರೀತಲ್ಲ, ತೊಳೆದವಳು ಯಾರು? ನಾನೇ ತಾನೇ."

ಮೇಸ್ತ್ರಿ ಅವಳನ್ನೇ ನೋಡಿದ.

"ಮತ್ತೆ ಎಲ್ಲರಿಗೂ ನೀರಿನ ಬೋರ್ ಅಂತ ಹೇಳ್ತಿದ್ದೆ?"

"ನೀನು ಹೇಳಿದ್ದನ್ನ ನಾನು ಸುಳ್ಳು ಮಾಡ್ಲಾ?" ಎಂದವಳು ಚೀಲದಿಂದ ಮಾತ್ರೆ ತೆಗೆದು ಅವನ ಅಂಗೈಯಲ್ಲಿಟ್ಟಳು. "ನನಗೆ ಗೊತ್ತಾಗಬಾರದು ಅಂತ ಇಷ್ಟೆಲ್ಲ ಮಾಡಿದ್ಯಾ? ಬಂದು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ."

ಅವನು ಅತ್ತ. ಅವಳು ಅಳಲಿಲ್ಲ. ಅವನು ಮಾತ್ರೆ ನುಂಗುವವರೆಗೆ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಬಂದಳು.

"ಮನೆ ಯಾವಾಗ ಖಾಲಿ ಮಾಡಬೇಕು ಸಾರ್? ಹೊಲಿಯೋಕೆ ತಗೊಂಡಿರೋ ಬಟ್ಟೆ ಮುಗಿಸಿಕೊಡಬೇಕು."

ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ತರುವಂತೆ ದಫೇದಾರನಿಗೆ ಹೇಳಿದರು. ಹೊರಗೆ ಎರಡು ಮರದ ಪೆಟ್ಟಿಗೆಗಳನ್ನು ಇಲಾಖೆಯ ಜೀಪಿಗೆ ಏರಿಸುತ್ತಿದ್ದರು. ಬೆಂಚಿನ ಮೇಲಿದ್ದ ಮೇಸ್ತ್ರಿ ಕಣ್ಣೊರೆಸಿಕೊಂಡು, ಕಿಟಕಿಯಿಂದಲೇ, ಪೆಟ್ಟಿಗೆಯನ್ನು ಓರೆ ಮಾಡಬೇಡಿ ಎಂದು ಅವರಿಗೆ ಕೂಗಿ ಹೇಳಿದ.