ಹೊಸ ಬಂಪರಿನ ಕೆಳಗೆ

ಹಲಗೇರಿಯ ತನ್ನ ಮನೆಯಂಗಳದಲ್ಲಿ ಮಾಲತೇಶ ಅಂಗಾತ ಸತ್ತು ಬಿದ್ದಿದ್ದ. ಎದೆಯ ಮೇಲೆ ಒಂದು ಕ್ವಿಂಟಲ್ ತೂಕದ ಹೊಸ ಕಬ್ಬಿಣದ ಬಂಪರ್, ಅದರ ನಡುವೆ ಭಾರ ಎಳೆಯಲು ಉಕ್ಕಿನ ಹಗ್ಗ ಸುತ್ತಿದ ವಿಂಚ್. ಎದುರಿಗೆ ಬೋಳಾಗಿ ನಿಂತ ಅವನ ಪಿಕಪ್. ಪಕ್ಕದಲ್ಲಿ ಉರುಳಿದ ಜಾಕ್.

ತಾಯಿ ಉಡಚವ್ವ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗಿದ್ದವಳು, ಸುದ್ದಿ ಕೇಳಿ ಎದ್ದುಬಿದ್ದು ಓಡಿ ಬಂದಿದ್ದಳು. ಸಬ್ ಇನ್‌ಸ್ಪೆಕ್ಟರ್ ಅರುಣಾಳ ಕೈ ಹಿಡಿದಳು.

"ಹ್ವಾದ ವರ್ಷ ಮಗಳು ಕಾವ್ಯಾ ಹೇಳದ ಕೇಳದ ಓಡಿ ಹೋದ್ಲು. ಈಗ ಸಣ್ಣ ಮಗನೂ ಹೋದ. ಹೆಂಗ ಹೋದ, ಅಷ್ಟು ಖರೇ ಹೇಳ್ರಿ ಮೇಡಮ್ಮಾರ."

ಅರುಣಾ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು.

ಪಕ್ಕದ ಮನೆಯಲ್ಲೇ ಇದ್ದ ಹಿರಿಯ ಮಗ ಚಂದ್ರಪ್ಪ ಮುಂದೆ ಬಂದ. "ಎಲ್ಲಾ ವೆಲ್ಡಿಂಗ್ ಅಂಗಡಿ ಕೈಸರನ ತಪ್ಪರಿ. ಬಂಪರ್ ಅರ್ಧಾ ಕೂಡ್ರಿಸಿ ಜಾಕಿನ ಮ್ಯಾಲೆ ಬಿಟ್ಟು ಹೋಗ್ಯಾನ. ತಮ್ಮ ಒಬ್ಬನೇ ಬೋಲ್ಟ್ ಹಾಕಾಕ ತಳಗ ಹೊಕ್ಕಾನ, ಜಾಕ್ ಜಾರೇತಿ."

\* \* \*

ರಾಣೇಬೆನ್ನೂರಿನ ಅಂಗಡಿಯಲ್ಲಿ ಕೈಸರ ಕೆಲಸ ಬಿಟ್ಟು ಎದ್ದು ನಿಂತ.

"ಸುಳ್ಳರಿ! ನಿನ್ನೆ ಸಂಜೀಗೇ ಅವರ ಅಂಗಳದಾಗ ಕೆಲಸ ಮುಗದಿತ್ತು. ಬೋಲ್ಟ್ ಬಿಗಿ ಮಾಡಿ, ವಿಂಚ್ ತಿರುಗಿಸಿ ನೋಡಿದ್ವಿ. ಮಾಲತೇಶಣ್ಣ ಪೂಜಿ ಮಾಡಿ ಬಂಪರಿಗೆ ಲಿಂಬಿಹಣ್ಣು ಮೆಣಸಿನಕಾಯಿನೂ ಕಟ್ಟಿದ್ದ."

"ವಿಂಚ್ ಯಾಕ ಬೇಕಾಗಿತ್ತು?" ಎಂದು ಕೇಳಿದಳು ಅರುಣಾ.

"ಅವರ ಹೊಲದಾಗಿನ ಪಾಳು ಬಾವ್ಯಾಗ ಪಂಪ್‌ಸೆಟ್ ಬಿದ್ದೈತಿ. ಇವತ್ತ ಅದನ್ನ ಎಳಿಯೋದಿತ್ತರಿ."

"ಒಳಗ ಹಾಕೂಣೇನ್ರಿ?" ಎಂದ ಪೇದೆ.

"ತಡೀರಿ. ಬಂಪರ್ ಮಾತಾಡಲಿ."

\* \* \*

ಅದು ಮಾತಾಡಿತು. ಬಂಪರ್ ಕೂರುವ ಪಟ್ಟಿಯ ಹೊಸ ಬಣ್ಣದ ಮೇಲೆ, ಪ್ರತಿ ತೂತಿನ ಸುತ್ತ ವಾಷರ್ ಒತ್ತಿದ ದುಂಡನೆಯ ಗಾಯ. ಬೋಲ್ಟ್ ಪೂರ್ತಿ ಬಿಗಿಯಾಗದೆ ಅಂಥ ಗುರುತು ಬೀಳುವುದಿಲ್ಲ. ಕೂರಿಸಿದ ಬಂಪರನ್ನು ಯಾರೋ ಬಿಚ್ಚಿದ್ದರು.

ಹಾಗಾದರೆ ಲಿಂಬೆಹಣ್ಣು ಎಲ್ಲಿ?

ಅರುಣಾ ಎರಡೂ ಮನೆಗಳನ್ನು ಸುತ್ತಿದಳು. ಸಿಕ್ಕಿತು. ಚಂದ್ರಪ್ಪನ ಹಿತ್ತಲಿನ ಬೇವಿನ ಗಿಡದ ಕವಲಿನಲ್ಲಿ, ಕಾಲಿಗೆ ಸಿಗದಷ್ಟು ಎತ್ತರದಲ್ಲಿ ಜೋಪಾನವಾಗಿ ಇಟ್ಟ ಲಿಂಬೆ, ಮೆಣಸಿನಕಾಯಿಯ ತಾಜಾ ಸರ. ದಾರದ ಗಂಟಿಗೆ ಬಂಪರಿನದೇ ಕರಿ ಬಣ್ಣ ಅಂಟಿತ್ತು.

"ಕೆಲಸ ಮುಗಿದ ಮ್ಯಾಲೇ ಇದನ್ನ ಕಟ್ಟತಾರ," ಎಂದಳು ಚಂದ್ರಪ್ಪನಿಗೆ. "ಬಂಪರಿನ ಮ್ಯಾಲಿದ್ರ ನಿನ್ನ ಕಥಿ ಸುಳ್ಳಾಗತಿತ್ತು, ಅದಕ್ಕ ಬಿಚ್ಚಿದಿ. ತಮ್ಮನ್ನ ಕೊಂದಿ, ಆದ್ರ ದೃಷ್ಟಿ ತಗದ ಲಿಂಬಿಹಣ್ಣು ತುಳಿಯೋರ ಕಾಲಾಗ ಒಗಿಯಾಕ ಅಂಜಿದಿ. ಇವತ್ತ ವಿಂಚಿನ ಹಗ್ಗ ಬಾವ್ಯಾಗ ಇಳಿಯೋದಿತ್ತು. ಆ ಬಾವ್ಯಾಗ ಏನೈತಿ ಚಂದ್ರಪ್ಪ?"

ಚಂದ್ರಪ್ಪ ಕುಸಿದು ಕೂತ. ಮಾತು ತುಂಡುತುಂಡಾಗಿ ಬಂತು. ಕಾವ್ಯಾ ಬೇರೆ ಜಾತಿಯ ಹುಡುಗನನ್ನು ಲಗ್ನ ಆಗುತ್ತೇನೆಂದಿದ್ದಳು. ಹೊಡೆದು, ಸ್ಕೂಟಿ ಸಮೇತ ಬಾವಿಗೆ ದೂಡಿದ್ದ. ಓಡಿ ಹೋದಳೆಂದು ಊರಿಗೆಲ್ಲ ಸಾರಿದ್ದೂ ಅವನೇ. ಬಾವಿ ತಡವಬೇಡವೆಂದರೆ ತಮ್ಮ ಕೇಳಲಿಲ್ಲ. ನಸುಕಿನ ಕತ್ತಲಲ್ಲೇ ಅವ್ವ ಬಸ್ಸಿಗೆ ಹೋದ ಮೇಲೆ ಸ್ಪ್ಯಾನರಿನಿಂದ ತಲೆಗೆ ಹೊಡೆದ. ನೆಲಕ್ಕೆ ಬಿದ್ದವನ ಮೇಲೆ, ಬಿಚ್ಚಿದ ಬಂಪರನ್ನು ಜಾಕಿನಿಂದ ಉರುಳಿಸಿದ.

\* \* \*

ಕೈಸರನೇ ಬಂಪರನ್ನು ಮತ್ತೆ ಕೂರಿಸಿದ. ಬಾವಿಯ ದಂಡೆಯಲ್ಲಿ ವಿಂಚ್ ಗುರುಗುಟ್ಟಿತು. ಮೊದಲು ಪಂಪ್‌ಸೆಟ್ ಬಂತು. ಆಮೇಲೆ ಕೆಸರು ಮೆತ್ತಿದ ಸ್ಕೂಟಿ, ಅದರ ಹಿಡಿಕೆಗೆ ಸಿಕ್ಕಿಕೊಂಡ ಒಂದು ವೇಲು.

ಉಡಚವ್ವ ಅಳಲಿಲ್ಲ. ವೇಲಿನ ಕೆಸರನ್ನು ಸೆರಗಿನಿಂದ ಒರೆಸುತ್ತಾ ಕೂತಳು.

"ಇಲ್ಲೇ ಇದ್ಲಲ್ಲರಿ ಮೇಡಮ್ಮಾರ," ಎಂದಳು. "ಈ ಬಾವಿ ದಂಡಿ ಮ್ಯಾಲೆ ಕುಂತು ಬುತ್ತಿ ಉಣ್ಣತಿದ್ದೆ. ಉಣ್ಣೂವಾಗೆಲ್ಲಾ ಆಕೀಗೆ ಶಾಪಾ ಹಾಕತಿದ್ದೆ."